ತುಮಕೂರಿನಿಂದ ಬೆಂಗಳೂರಿಗೆ ರೈಲಲ್ಲಿ ಹೋಗಿ ಅವತ್ತೇ ವಾಪಸ್?

ಪ್ರಶ್ನೆ: ಭಾನುವಾರ ಅಮ್ಮನ ಜೊತೆ ಬೆಳಗಿನ ಪ್ಯಾಸೆಂಜರ್ ರೈಲು ಹತ್ತಿ, ಚಿಕ್ಕಪೇಟೆಯಲ್ಲಿ ಸೀರೆ ತಗೊಂಡು, ಲಾಲ್‌ಬಾಗ್ ನೋಡಿಕೊಂಡು ಸಂಜೆ ವಾಪಸ್ ಬರುವ ಯೋಚನೆ. ಅಮ್ಮನಿಗೆ ಮಂಡಿ ನೋವು. ಮೆಜೆಸ್ಟಿಕ್‌ವರೆಗೆ ಹೋಗಬೇಕಾ?

ಉತ್ತರ: ಸುಮ್ನೆ ಯಶವಂತಪುರದಲ್ಲೇ ಇಳಿಯಿರಿ. ಅಲ್ಲೇ ಹಸಿರು ಮಾರ್ಗದ ಮೆಟ್ರೋ ಸಿಗುತ್ತದೆ, ಚಿಕ್ಕಪೇಟೆ, ಲಾಲ್‌ಬಾಗ್ ಎರಡೂ ಅದೇ ಮಾರ್ಗದಲ್ಲಿವೆ, ಮಧ್ಯೆ ಇಳಿದು ಹತ್ತುವ ಗೋಜಿಲ್ಲ. ಸ್ಟೇಷನ್‌ನಲ್ಲಿ ಲಿಫ್ಟ್ ಇದೆ.

ಉತ್ತರ: ಭಾನುವಾರ ಬೇಡ ಮಾರಾಯ್ರೇ! ಚಿಕ್ಕಪೇಟೆಯಲ್ಲಿ ಎಷ್ಟೋ ಅಂಗಡಿಗಳು ಬಾಗಿಲು ಹಾಕಿರುತ್ತವೆ. ನಾನೊಮ್ಮೆ ಹೋಗಿ, ಬರೀ ಶಟರ್ ನೋಡಿಕೊಂಡು, ನಾಲ್ಕು ಬಾಳೆಹಣ್ಣು ತಿಂದು ಬಂದೆ. ಶನಿವಾರ ಹೋಗಿ.

ಉತ್ತರ: ವಾಪಸ್ ಬರುವಾಗ ಮಾತ್ರ ಮೆಜೆಸ್ಟಿಕ್‌ನಲ್ಲೇ ರೈಲು ಹತ್ತಿ. ಯಶವಂತಪುರಕ್ಕೆ ಬರುವಷ್ಟರಲ್ಲಿ ಸೀಟು ತುಂಬಿರುತ್ತದೆ, ಅಮ್ಮ ನಿಂತುಕೊಂಡು ಬರೋದು ಕಷ್ಟ ಅಲ್ವಾ?

ಪ್ರಶ್ನೆ ಕೇಳಿದವರು: ಸರಿ, ಶನಿವಾರವೇ. ಅಮ್ಮ ಈಗಲೇ ಚಿತ್ರಾನ್ನದ ಡಬ್ಬಿ ಹುಡುಕುತ್ತಿದ್ದಾರೆ.