ರಾತ್ರಿ ಮಾತ್ರ ಕ್ಯಾಮೆರಾಗೆ ಬೀಳುವ ಗಂಡು ಜಿಂಕೆ: ಅನುಭವ ಇದ್ದವರು ಹೇಳಿ

ಕೇಳಿದವರು: ಲಾ ಕ್ರಾಸ್ ಕಡೆಯಿಂದ, ವಿಸ್ಕಾನ್ಸಿನ್

ಎಲ್ಲರಿಗೂ ನಮಸ್ಕಾರ. ಹಂಟರ್ ಎಜುಕೇಶನ್ ಕೋರ್ಸ್ ಮುಗಿಸಿ ಈ ಸಲ ಕ್ರಾಸ್‌ಬೋ (ಬಂದೂಕಿನಂತೆ ಗುರಿಯಿಟ್ಟು ಬಾಣ ಬಿಡುವ ಬಿಲ್ಲು) ಲೈಸೆನ್ಸ್ ತಗೊಂಡಿದ್ದೇನೆ. ನನ್ನ ಜೊತೆ ಕೆಲಸ ಮಾಡುವವರೊಬ್ಬರು ಅವರ ಜಮೀನಿನಲ್ಲಿ ಬೇಟೆಗೆ ಒಪ್ಪಿದ್ದಾರೆ. ಕೆಳಗೆ ಸೋಯಾ ಹೊಲ, ಮೇಲೆ ಓಕ್ ಮರಗಳ ಗುಡ್ಡ. ಹೊಲದ ಅಂಚಿನಲ್ಲಿ ಒಂದು ಟ್ರೇಲ್ ಕ್ಯಾಮೆರಾ (ಪ್ರಾಣಿ ಸುಳಿದರೆ ತಾನಾಗಿ ಫೋಟೊ ತೆಗೆಯುವಂಥದ್ದು) ಕಟ್ಟಿದ್ದೇನೆ. ಆಗಸ್ಟ್‌ನಲ್ಲಿ ಮೂರು ಗಂಡು ವೈಟ್‌ಟೇಲ್ (ಇಲ್ಲಿನ ಬಿಳಿ ಬಾಲದ ಜಿಂಕೆ) ಒಟ್ಟಿಗೆ, ಇನ್ನೂ ಬೆಳಕಿರುವಾಗಲೇ ಬರುತ್ತಿದ್ದವು. ಅದರಲ್ಲಿ ಒಂದಕ್ಕೆ ಎಂಟು ಕವಲಿನ ಒಳ್ಳೆ ಕೊಂಬು. ಈಗ ಅಕ್ಟೋಬರ್. ಅದು ರಾತ್ರಿ ಒಂಬತ್ತರ ಮೇಲೆ ಮಾತ್ರ ಬರುತ್ತದೆ, ಉಳಿದೆರಡರ ಪತ್ತೆಯೇ ಇಲ್ಲ. ಕ್ಯಾಮೆರಾ ಎಲ್ಲಿಗೆ ಬದಲಾಯಿಸಲಿ? ಎಷ್ಟು ದಿನಕ್ಕೊಮ್ಮೆ ಅದರ ಮೆಮೊರಿ ಕಾರ್ಡ್ ನೋಡಬೇಕು? ಫೋನಿಗೆ ಫೋಟೊ ಕಳಿಸುವ ಸೆಲ್ ಕ್ಯಾಮೆರಾ ತಗೊಳ್ಳಬಹುದಾ?

ಮ್ಯಾಡಿಸನ್‌ನಿಂದ

ನಿಮ್ಮ ಕ್ಯಾಮೆರಾ ಸರಿಯಾಗೇ ಹೇಳುತ್ತಿದೆ ಸರ್. ಕೊಂಬು ನೋಡುವುದು ಸ್ವಲ್ಪ ಬಿಡಿ. ಫೋಟೊದ ಕೆಳಗಿರುವ ಗಂಟೆ ನೋಡಿ, ಜಿಂಕೆಯ ಮೂತಿ ಯಾವ ಕಡೆಗಿದೆ ನೋಡಿ. ಬೇಟೆಗೆ ಬೇಕಾದದ್ದು ಅವೆರಡೇ.

ಆಗಸ್ಟ್ ಫೋಟೊ ನೋಡಿ ಅಕ್ಟೋಬರ್ ಲೆಕ್ಕ ಹಾಕುವ ಹಾಗಿಲ್ಲ. ಬೇಸಿಗೆಯಲ್ಲಿ ಗಂಡುಗಳು ಗುಂಪು ಕಟ್ಟಿಕೊಂಡು ಓಡಾಡುತ್ತವೆ. ಸೆಪ್ಟೆಂಬರ್ ಮೊದಲ ವಾರಗಳಲ್ಲಿ ಕೊಂಬಿನ ಮೇಲಿನ ವೆಲ್ವೆಟ್ ಚರ್ಮ ಉಜ್ಜಿ ಕಳಚಿಕೊಂಡ ಮೇಲೆ ಒಂದಕ್ಕೊಂದು ಆಗಿಬರುವುದಿಲ್ಲ, ಗುಂಪು ಒಡೆಯುತ್ತದೆ. ಕೆಲವು ಪಕ್ಕದ ಜಮೀನಿಗೇ ಹೋಗಿಬಿಡುತ್ತವೆ. ಅದೇ ಹೊತ್ತಿಗೆ ಸೋಯಾ ಎಲೆ ಹಳದಿಯಾಗಿ ರುಚಿ ಕಳೆದುಕೊಳ್ಳುತ್ತದೆ, ಮೇಲೆ ಓಕ್ ಕಾಯಿ ಉದುರಲು ಶುರುವಾಗುತ್ತದೆ. ಕಾಲಬುಡದಲ್ಲೇ ಊಟ ಇರುವಾಗ ಅದು ಬೆಳಕಿನಲ್ಲಿ ಬಯಲಿಗೆ ಯಾಕೆ ಬರಬೇಕು?

ಅಕ್ಟೋಬರ್ ಕೊನೆಗೆ ನಿಮ್ಮ ಕಡೆ ಸೂರ್ಯ ಮುಳುಗುವುದು ಸುಮಾರು ಆರು ಗಂಟೆಗೆ. ಒಂಬತ್ತಕ್ಕೆ ಹೊಲದ ಅಂಚಿಗೆ ಬರುವ ಜಿಂಕೆ ಆರು ಗಂಟೆಗೆ ಗುಡ್ಡದಲ್ಲೇ ಎಲ್ಲೋ ಇದೆ ಅಂತಾಯಿತು. ಹಾಗಾಗಿ ಅದು ಬಂದ ದಾರಿಯನ್ನೇ ಹಿಡಿದು ಹಿಂದಕ್ಕೆ ಹೋಗಿ. ತುಳಿದು ಸವೆದ ಜಾಡು, ಹಿಕ್ಕೆ, ಕೊಂಬು ಉಜ್ಜಿ ಸಿಪ್ಪೆ ಸುಲಿದ ಎಳೆ ಮರ, ಇವೆಲ್ಲ ದಾರಿ ತೋರಿಸುತ್ತವೆ. ಸುಲಿದ ಭಾಗ ಮರದ ಯಾವ ಮೈಯಲ್ಲಿದೆ ನೋಡಿದರೆ ಅದು ಯಾವ ಕಡೆಯಿಂದ ಬಂತು ಅಂತಲೂ ಅಂದಾಜು ಸಿಗುತ್ತದೆ. ಕ್ಯಾಮೆರಾವನ್ನು ಒಂದೇ ಸಲ ಮೇಲಕ್ಕೆ ಒಯ್ಯಬೇಡಿ. ಸ್ವಲ್ಪ ಸ್ವಲ್ಪವೇ ಮೇಲೆ ಸರಿಸಿ. ಗಂಟೆ ಒಂಬತ್ತರಿಂದ ಏಳೂವರೆಗೆ, ಅಲ್ಲಿಂದ ಆರೂವರೆಗೆ ಇಳಿಯುತ್ತಾ ಬಂದರೆ ಸರಿಯಾದ ದಾರಿಯಲ್ಲಿದ್ದೀರಿ. ಗುಡ್ಡಗಾಡಿನಲ್ಲಿ ದೊಡ್ಡ ಗಂಡು ಸಾಮಾನ್ಯವಾಗಿ ನೆತ್ತಿಗಿಂತ ಸ್ವಲ್ಪ ಕೆಳಗೆ, ಗಾಳಿ ಬೆನ್ನ ಹಿಂದಿನಿಂದ ಬರುವ ಹಾಗೆ, ಕಣ್ಣು ಕಣಿವೆ ಕಡೆಗಿಟ್ಟು ಮಲಗುತ್ತದೆ. ಆ ಜಾಗಕ್ಕೆ ಮಾತ್ರ ಕಾಲಿಡಬೇಡಿ.

ಇನ್ನೊಂದು ಒಳ್ಳೆ ಜಾಗ ಅಂದರೆ ಸ್ಕ್ರೇಪ್. ಬಗ್ಗಿದ ಕೊಂಬೆಯ ಕೆಳಗೆ ಗಂಡು ಕಾಲಿನಿಂದ ನೆಲ ಕೆರೆದು ಉಚ್ಚೆ ಹೊಯ್ದಿರುತ್ತದೆ. ಮೇಲಿನ ಕೊಂಬೆ ತುದಿ ಜಗಿದು ನಾರು ನಾರಾಗಿರುತ್ತದೆ. ಸುತ್ತಮುತ್ತಲಿನ ಗಂಡುಗಳೆಲ್ಲ ಅಲ್ಲಿಗೆ ಬಂದು ಮೂಸಿ, ಹಣೆ ಉಜ್ಜಿ ಹೋಗುತ್ತವೆ. ಅಲ್ಲಿ ಕ್ಯಾಮೆರಾವನ್ನು ವೀಡಿಯೊಗೆ ಹಾಕಿ, ಎಂಟು ಅಡಿ ಮೇಲೆ ಕಟ್ಟಿ ಕೆಳಮುಖ ಮಾಡಿ. ಜಿಂಕೆ ಕಣ್ಣಿಗೂ ಬೀಳುವುದಿಲ್ಲ, ಕಳ್ಳರ ಕಣ್ಣಿಗೂ ಬೀಳುವುದಿಲ್ಲ. ಸ್ಕ್ರೇಪ್‌ಗೂ ಹೆಚ್ಚಾಗಿ ರಾತ್ರಿಯೇ ಬರುತ್ತವೆ, ಆದ್ದರಿಂದ ಅದರ ಮೇಲೇ ಕೂತು ಕಾಯುವುದು ದಂಡ. ಊರಲ್ಲಿ ಯಾರ್ಯಾರಿದ್ದಾರೆ ಅಂತ ತಿಳಿಯಲು ಮಾತ್ರ ಅದು.

ಪದೇ ಪದೇ ಹೋಗಿ ಕಾರ್ಡ್ ತೆಗೆಯಬೇಡಿ. ಹೋದರೆ ನಡುಮಧ್ಯಾಹ್ನ, ಮಳೆ ಬರುವ ಮುಂಚೆ, ರಬ್ಬರ್ ಬೂಟು ಹಾಕಿಕೊಂಡು. ಸಂಜೆ ಕಾಫಿ ಕುಡಿದು ಹಾಗೇ ಒಂದು ಸುತ್ತು ಹೋಗಿ ಬರ್ತೀನಿ ಅನ್ನೋರ ಕ್ಯಾಮೆರಾದಲ್ಲೇ ಜಿಂಕೆಗಳೆಲ್ಲ ರಾತ್ರಿ ಬರುವುದು!

ಗ್ರ್ಯಾಂಡ್ ರ‍್ಯಾಪಿಡ್ಸ್, ಮಿಷಿಗನ್‌ನಿಂದ

ಅದಕ್ಕೇ ಸೆಲ್ ಕ್ಯಾಮೆರಾ ತಗೊಳ್ಳಿ ಅನ್ನೋದು. ತಿಂಗಳ ಚಂದಾ ಕಟ್ಟಬೇಕು ನಿಜ, ಆದರೆ ಕಾಡಿಗೆ ಕಾಲಿಡುವುದು ತಪ್ಪುತ್ತದೆ. ಕಣಿವೆಯಲ್ಲಿ ಸಿಗ್ನಲ್ ಇದೆಯಾ ಅಂತ ಮೊದಲು ಫೋನ್ ಹಿಡಿದು ನೋಡಿಕೊಳ್ಳಿ.

ಯಾವ ಕ್ಯಾಮೆರಾ ಆದರೂ ಕಟ್ಟುವಾಗ ನಾಲ್ಕು ಮಾತು ನೆನಪಿರಲಿ. ಸ್ಕ್ರೇಪ್ ಬಿಟ್ಟು ಬೇರೆ ಕಡೆ ಸೊಂಟದ ಎತ್ತರ. ಮುಖ ಉತ್ತರಕ್ಕೆ, ಇಲ್ಲದಿದ್ದರೆ ಬೆಳಿಗ್ಗೆ ಸಂಜೆ ಬಿಸಿಲು ಹೊಡೆದು ಫೋಟೊ ಬೆಳ್ಳಗಾಗುತ್ತದೆ. ಜಾಡಿಗೆ ಅಡ್ಡವಾಗಿ ಇಡದೆ ಓರೆಯಾಗಿ ಇಡಿ, ಇಲ್ಲದಿದ್ದರೆ ಬರೀ ಬಾಲ ಸಿಗುತ್ತದೆ. ಮುಂದಿನ ಹುಲ್ಲು ಸವರಿ. ಗಾಳಿಗೆ ಹುಲ್ಲು ಅಲ್ಲಾಡಿಯೇ ಕಾರ್ಡ್ ತುಂಬಿಬಿಡುತ್ತದೆ. ಚಳಿಗೆ ಲಿಥಿಯಂ ಬ್ಯಾಟರಿಯೇ ಬೇಕು, ಮಾಮೂಲಿ ಆಲ್ಕಲೈನ್ ಸುಮ್ನೆ ಸುಸ್ತಾಗುತ್ತದೆ.

ಯಾರೂ ಹೇಳದ ಒಂದು ವಿಷಯ: ನವೆಂಬರ್ ಮೊದಲ ಭಾನುವಾರ ಇಲ್ಲಿ ಬೇಸಿಗೆ ಸಮಯ ಮುಗಿದು ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ಮಾಮೂಲಿ ಕ್ಯಾಮೆರಾಗೆ ಅದು ಗೊತ್ತಾಗುವುದಿಲ್ಲ, ನೀವೇ ಬದಲಾಯಿಸಬೇಕು. ಮ್ಯಾಡಿಸನ್ ಸರ್ ಹೇಳಿದ ಗಂಟೆ ಲೆಕ್ಕವೆಲ್ಲ ಆ ವಾರ ತಲೆಕೆಳಗಾಗುತ್ತದೆ, ಅದೂ ಬೆದೆಯ ಹೊತ್ತಿನಲ್ಲಿ!

ಮ್ಯಾಡಿಸನ್‌ನಿಂದ, ಮತ್ತೆ

ಗಡಿಯಾರದ ಮಾತು ಒಪ್ಪಿದೆ. ಸೆಲ್ ಕ್ಯಾಮೆರಾ ಮಾತ್ರ ನನಗೆ ಅಷ್ಟು ಹಿಡಿಸಲ್ಲ. ಫೋನ್ ಕಿಣಿಕಿಣಿ ಅಂದ ತಕ್ಷಣ ಬಿಲ್ಲು ಎತ್ತಿಕೊಂಡು ಓಡುವುದು ಬೇಟೆಯಾ? ಅರಿಜೋನಾದಲ್ಲಂತೂ 2022ರಿಂದ ಬೇಟೆಗಾಗಿ ಟ್ರೇಲ್ ಕ್ಯಾಮೆರಾ ಬಳಸುವುದನ್ನೇ ನಿಲ್ಲಿಸಿದ್ದಾರೆ. ಇಲ್ಲಿ ಅಡ್ಡಿಯಿಲ್ಲ, ಅವರವರ ಇಷ್ಟ.

ಟೆಕ್ಸಾಸ್ ಹಿಲ್ ಕಂಟ್ರಿಯಿಂದ

ನಮ್ಮ ಕಡೆ ಕಥೆಯೇ ಬೇರೆ. ಇಲ್ಲಿ ವೈಟ್‌ಟೇಲ್ ಜೊತೆ ನಮ್ಮ ಬಂಡೀಪುರದ ಚುಕ್ಕೆ ಜಿಂಕೆಯೂ ಇದೆ, ಇವರು ಆಕ್ಸಿಸ್ ಅನ್ನುತ್ತಾರೆ. 1930ರ ದಶಕದಲ್ಲಿ ತಂದು ಬಿಟ್ಟದ್ದು ಈಗ ಬೇಲಿ ದಾಟಿ ಎಲ್ಲೆಡೆ ಹಬ್ಬಿದೆ. ಹೊರಗಿನ ಪ್ರಾಣಿ ಅಂತ ಅದಕ್ಕೆ ಬೇಟೆ ಸೀಸನ್ ಇಲ್ಲ. ಲೈಸೆನ್ಸ್ ಮತ್ತು ಜಮೀನಿನವರ ಒಪ್ಪಿಗೆ ಇದ್ದರೆ ವರ್ಷವಿಡೀ ಹೊಡೆಯಬಹುದು. ಅದರ ಕೊಂಬು ಬೀಳುವುದಕ್ಕೂ ಒಂದು ತಿಂಗಳು ಅಂತಿಲ್ಲ. ಒಂದೇ ಫೋಟೊದಲ್ಲಿ ಒಂದಕ್ಕೆ ಪೂರ್ತಿ ಬಲಿತ ಕೊಂಬು, ಪಕ್ಕದ್ದಕ್ಕೆ ವೆಲ್ವೆಟ್. ಮ್ಯಾಡಿಸನ್ ಸರ್ ಪಂಚಾಂಗ ಇಲ್ಲಿ ನಡೆಯಲ್ಲ.

ಗುರುತು ಹಿಡಿಯುವ ಬಗ್ಗೆ ಒಂದು ಮಾತು. ನಾಗರಹೊಳೆಯಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ಕ್ಯಾಮೆರಾ ಟ್ರ್ಯಾಪ್ ಇಟ್ಟು ಹುಲಿ ಎಣಿಸಿದರಲ್ಲ, ಅಲ್ಲಿ ಪಟ್ಟೆ ಬದಲಾಗುವುದಿಲ್ಲ, ಹಾಗಾಗಿ ಯಾವ ಹುಲಿ ಅಂತ ಹೇಳಬಹುದು. ವೈಟ್‌ಟೇಲ್‌ಗೆ ಚಳಿಗಾಲದಲ್ಲಿ ಕೊಂಬು ಉದುರಿ ಪ್ರತಿ ವರ್ಷ ಹೊಸದು ಬರುತ್ತದೆ. ಆದ್ದರಿಂದ ಹರಿದ ಕಿವಿ, ಹಳೆ ಗಾಯ, ಗಂಟಲಿನ ಬಿಳಿ ಮಚ್ಚೆ ಬರೆದಿಟ್ಟುಕೊಳ್ಳಿ. ವಯಸ್ಸನ್ನೂ ಕವಲು ಎಣಿಸಿ ಹೇಳಬೇಡಿ, ಮೈ ನೋಡಿ. ಒಂದೂವರೆ ವರ್ಷದ್ದಕ್ಕೆ ಕಾಲು ಉದ್ದ, ಹೊಟ್ಟೆ ಸಣ್ಣ. ಬಲಿತದ್ದಕ್ಕೆ ನವೆಂಬರ್‌ನಲ್ಲಿ ಕುತ್ತಿಗೆ ಊದಿ ನೇರವಾಗಿ ಎದೆಗೇ ಕೂಡಿಕೊಂಡಿರುತ್ತದೆ, ಹಿಂಗಾಲಿನ ಒಳಮೈಯ ಗ್ರಂಥಿ ಕಪ್ಪಾಗಿ ನೆನೆದಂತೆ ಕಾಣುತ್ತದೆ.

ಮಿಲ್ವಾಕಿಯಿಂದ

ಕಾನೂನು ಕಡೆ ಸ್ವಲ್ಪ. ಎಚ್‌1ಬಿ ತರದ ವೀಸಾದಲ್ಲಿರುವವರಿಗೆ ಫೆಡರಲ್ ಕಾನೂನಿನಲ್ಲಿ ಬಂದೂಕು ಇಟ್ಟುಕೊಳ್ಳಲು ಬಿಡುವುದಿಲ್ಲ. ಬೇಟೆ ಲೈಸೆನ್ಸ್ ಇದ್ದರೆ ವಿನಾಯಿತಿ ಇದೆ, ಆದರೂ ವಕೀಲರನ್ನು ಕೇಳದೆ ಮುಟ್ಟಬೇಡಿ. ಕ್ರಾಸ್‌ಬೋಗೆ ಈ ತಲೆನೋವಿಲ್ಲ. ಕ್ಯಾಮೆರಾ ಮುಂದೆ ಜೋಳ ಸುರಿಯುವ ಯೋಚನೆ ಇದ್ದರೆ ಬಿಡಿ. ಸಿಡಬ್ಲ್ಯುಡಿ (ಜಿಂಕೆಗಳ ಮಿದುಳು ಹಾಳುಮಾಡಿ ಕೊಲ್ಲುವ ಅಂಟುರೋಗ) ಕಂಡ ಕೌಂಟಿಗಳಲ್ಲಿ, ಅಂದರೆ ಜಿಲ್ಲೆಗಳಲ್ಲಿ, ಮೇವು ಹಾಕುವುದು ನಿಷೇಧ, ನಿಮ್ಮ ಭಾಗವೂ ಅದರಲ್ಲೇ ಬರುತ್ತದೆ. ಹೊಡೆದ ಮೇಲೆ ಜಿಂಕೆಯ ತಲೆಯನ್ನು ಈ ರೋಗದ ಪರೀಕ್ಷೆಗೆ ಕೊಡಿ, ಇಲ್ಲಿ ಪುಕ್ಕಟೆ. ಫಲಿತಾಂಶ ಬರುವವರೆಗೆ ಮಾಂಸ ಫ್ರೀಜರ್‌ನಲ್ಲಿರಲಿ. ಥ್ಯಾಂಕ್ಸ್‌ಗಿವಿಂಗ್ (ನವೆಂಬರ್ ನಾಲ್ಕನೇ ಗುರುವಾರದ ಹಬ್ಬ) ಹಿಂದಿನ ಶನಿವಾರದಿಂದ ಒಂಬತ್ತು ದಿನ ಬಂದೂಕಿನ ಸೀಸನ್. ಆಗ ನೀವು ಬಿಲ್ಲು ಹಿಡಿದಿದ್ದರೂ ಮೈಮೇಲೆ ಕಿತ್ತಳೆ ಅಥವಾ ಗುಲಾಬಿ ಬಣ್ಣದ ಹೊಳೆಯುವ ಬಟ್ಟೆ ಇರಲೇಬೇಕು. ಮತ್ತೆ, ರಜಕ್ಕೆ ಊರಿಗೆ ಹೋದಾಗ ಇದೇ ಹುರುಪು ಬೇಡ. ಅಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ, ಜಿಂಕೆ ಹೊಡೆದರೆ ಜೈಲು.

ಕೇಳಿದವರು

ತುಂಬಾ ಥ್ಯಾಂಕ್ಸ್. ಒಂದು ಅನುಮಾನ ಉಳಿದಿದೆ. ಫೋನಿನಲ್ಲಿ ಗಾಳಿ ಪಶ್ಚಿಮದಿಂದ ಅಂತ ತೋರಿಸುತ್ತದೆ, ಗುಡ್ಡದಲ್ಲಿ ನಿಂತರೆ ಬೇರೆ ಕಡೆಯಿಂದ ಬೀಸುತ್ತದೆ. ಯಾವುದನ್ನು ನಂಬಲಿ?

ಮ್ಯಾಡಿಸನ್‌ನಿಂದ

ಗುಡ್ಡವನ್ನೇ ನಂಬಿ. ಬಿಸಿಲೇರಿದಾಗ ಗಾಳಿ ಇಳಿಜಾರಿನಲ್ಲಿ ಮೇಲಕ್ಕೆ ಹತ್ತುತ್ತದೆ, ಸಂಜೆ ತಂಪಾದಂತೆ ಕೆಳಕ್ಕೆ ಜಾರುತ್ತದೆ. ಸಂಜೆ ನೀವು ಜಾಡಿಗಿಂತ ಮೇಲೆ ಕೂತರೆ ನಿಮ್ಮ ವಾಸನೆ ನೇರ ಅದರ ಮೂಗಿಗೆ. ಹೊಲದ ಬೇಲಿ ಪಕ್ಕ ಮಿಲ್ಕ್‌ವೀಡ್ ಗಿಡ ಇರುತ್ತದೆ, ನಮ್ಮ ಎಕ್ಕದ ಬಳಗದ್ದೇ. ಒಣಗಿದ ಕಾಯಿ ಒಂದೆರಡು ಜೇಬಿಗೆ ಹಾಕಿಕೊಳ್ಳಿ. ಕ್ಯಾಮೆರಾ ಬದಲಾಯಿಸಲು ಹೋದಾಗ, ಅಟ್ಟಣೆ ಹತ್ತಿದಾಗ, ಒಂದೊಂದು ಎಳೆ ಹತ್ತಿ ಬಿಟ್ಟು ನೋಡಿ. ಅದು ತಿರುಗುವ ಜಾಗ, ಇಳಿಯುವ ಜಾಗ ಕಣ್ಣಿಗೇ ಕಾಣುತ್ತದೆ. ಜಿಂಕೆ ಬರುವ ಕಡೆಗೆ ತೇಲಿದರೆ ಆ ಸಂಜೆ ಅಲ್ಲಿ ಕೂರಬೇಡಿ, ಇನ್ನೊಂದು ಮರ ನೋಡಿಕೊಳ್ಳಿ.

ಕೇಳಿದವರು

ಸರಿ ಸರ್. ಶನಿವಾರ ಮಧ್ಯಾಹ್ನ ಕ್ಯಾಮೆರಾ ಮೇಲಕ್ಕೆ ಸರಿಸುತ್ತೇನೆ, ಬ್ಯಾಟರಿಯೂ ಬದಲಾಯಿಸುತ್ತೇನೆ. ಫೋಟೊ ಬಂದರೆ ಗಂಟೆ ಸಮೇತ ಇಲ್ಲೇ ಹಾಕ್ತೀನಿ.