ಆಂಗ್ರಿ, ಹಂಗ್ರಿ ಆಯ್ತು. ಮೂರನೇದು ಯಾವುದು?

ಪದಬಂಧಪ್ರಿಯ:
ನಮ್ಮ ಅಪಾರ್ಟ್‌ಮೆಂಟ್ ವಾಟ್ಸಾಪ್ ಗ್ರೂಪಿನಲ್ಲಿ ಒಂದು ಒಗಟು ಬಂದಿದೆ. ಜಿ-ಆರ್-ವೈ ಅಂತ ಮುಗಿಯುವ ಇಂಗ್ಲಿಷ್ ಪದಗಳು ಮೂರೇ ಮೂರಂತೆ. ಆಂಗ್ರಿ, ಹಂಗ್ರಿ ಎರಡಾಯ್ತು, ಮೂರನೇದು ಹೇಳಿ, ಅದು ದಿನಾ ಬಳಸುವ ಪದ ಅಂತ ಬೇರೆ ಸೇರಿಸಿದ್ದಾರೆ. ಮನೆಯಲ್ಲಿರುವ ಡಿಕ್ಷನರಿ ಮೊದಲ ಅಕ್ಷರದ ಲೆಕ್ಕದಲ್ಲಿ ಜೋಡಿಸಿದ್ದು, ಬಾಲ ಹಿಡಿದು ಹುಡುಕುವುದು ಹೇಗೆ? ನೆಟ್‌ನಲ್ಲಿ ನೋಡಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ದಯವಿಟ್ಟು ಹ್ಯಾಂಗ್ರಿ ಅನ್ನಬೇಡಿ, ಗ್ರೂಪಿನಲ್ಲಿ ಒಬ್ಬರು ಅದನ್ನೇ ಹೇಳಿ ಬೈಸಿಕೊಂಡಿದ್ದಾರೆ. ನಿಜಕ್ಕೂ ಉತ್ತರ ಇದೆಯಾ, ಇಲ್ಲ ಸುಮ್ನೆ ತಲೆ ತಿನ್ನೋದಕ್ಕೆ ಹಾಕಿದ್ದಾ?

ಹಳೇಮೇಷ್ಟ್ರು:
ದಿನಾ ಬಳಸುವ ಮೂರನೇ ಪದ ಇಲ್ಲ. ಈ ಒಗಟು ಹಬ್ಬಿದ್ದು 1975ರಲ್ಲಿ, ನ್ಯೂಯಾರ್ಕ್ ಸುತ್ತಮುತ್ತ. ಮೂಲದಲ್ಲಿ ಪ್ರಶ್ನೆ ಹೇಗಿತ್ತು ಅನ್ನುವುದಕ್ಕೆ ದಾಖಲೆಯೇ ಸಿಕ್ಕಿಲ್ಲ, ಬಾಯಿಂದ ಬಾಯಿಗೆ ಹೋಗುತ್ತಾ ಕೆಟ್ಟಿರಬೇಕು ಅಂತ ನನ್ನ ಅನಿಸಿಕೆ. ಒಂದು ರೂಪದಲ್ಲಂತೂ ಇದು ಬರೀ ಕುಚೇಷ್ಟೆ: ಆಂಗ್ರಿ, ಹಂಗ್ರಿ ಅಂತ ನಿಮ್ಮ ಗಮನ ಆ ಕಡೆ ಎಳೆದು, ಆಮೇಲೆ "ದಿ ಇಂಗ್ಲಿಷ್ ಲ್ಯಾಂಗ್ವೇಜ್" ಅನ್ನುವುದರಲ್ಲಿ ಮೂರು ಪದ ಇವೆ, ಮೂರನೇದು ಯಾವುದು ಅಂತ ಕೇಳುತ್ತಾರೆ. ಉತ್ತರ ಲ್ಯಾಂಗ್ವೇಜ್. ಕೇಳಿದವನಿಗೆ ಎರಡು ಬಿಡಬೇಕು ಅನಿಸುತ್ತೆ.

ಆದರೆ ಹಳೇ ಪದಗಳನ್ನು ಕೆದಕಿದರೆ ಮಜಾ ಇದೆ. ಗ್ರೈ ಅಂತಲೇ ಒಂದು ಪದ ಇದೆ, ಬರೀ ಮೂರಕ್ಷರ. ತತ್ವಜ್ಞಾನಿ ಜಾನ್ ಲಾಕ್ ಎಲ್ಲ ಅಳತೆಯನ್ನೂ ಹತ್ತರ ಲೆಕ್ಕಕ್ಕೆ ತರಲು ಹೊರಟಿದ್ದ. ಇಂಚಿನ ಹತ್ತರಲ್ಲೊಂದು ಲೈನ್, ಲೈನಿನ ಹತ್ತರಲ್ಲೊಂದು ಗ್ರೈ. ಅವನ ಇಂಚೂ ನಮ್ಮ ಇಂಚಲ್ಲ, ಅಡಿಯನ್ನು ಹನ್ನೆರಡರ ಬದಲು ಹತ್ತು ಭಾಗ ಮಾಡಿದ್ದು. ಮೆಟ್ರಿಕ್ ಪದ್ಧತಿ ಬರುವುದಕ್ಕೆ ಸುಮಾರು ನೂರು ವರ್ಷ ಮೊದಲೇ ಇದನ್ನೆಲ್ಲ ಯೋಚಿಸಿದ್ದಾನೆ ನೋಡಿ! ಯಾರೂ ಬಳಸಲಿಲ್ಲ ಅನ್ನೋದು ಬೇರೆ ಮಾತು.

ಅಗ್ರಿ ಅಂದರೆ ಘಾನಾ ಕಡೆ ಸಿಗುವ ಹಳೇ ಗಾಜಿನ ಮಣಿಗಳು. ಇದರಲ್ಲಿ ಜಿ ಎರಡು ಸಲ ಬರುತ್ತೆ, ಒಪ್ಪುವವರು ಇದನ್ನೇ ಜಾಸ್ತಿ ಒಪ್ಪುತ್ತಾರೆ. ಮೀಗ್ರಿ ಅಂದರೆ ಬಡಕಲು, ಸೊರಗಿದ್ದು. ಆ್ಯನ್‌ಹಂಗ್ರಿ (ಹಂಗ್ರಿಯ ಮುಂದೆ ಎ-ಎನ್) ಶೇಕ್ಸ್‌ಪಿಯರ್‌ನ ಕೊರಿಯೊಲೇನಸ್ ನಾಟಕದಲ್ಲೇ ಇದೆ. ಹಸಿದಿಲ್ಲ ಅಂತ ಅರ್ಥ ಮಾಡಿಕೊಳ್ಳಬೇಡಿ, ಹಸಿದಿದ್ದೇವೆ ಅಂತಲೇ ಅರ್ಥ.

ಮಂಗಳೂರ್‌ಬೋಂಡ:
ಮೇಷ್ಟ್ರೇ, ನಮ್ಮ ದೇಶದ್ದನ್ನೇ ಬಿಟ್ಟಿರಲ್ಲ! ಪಗ್ರಿ. ಹಿಂದಿಯ ಪಗಡಿ, ಅಂದರೆ ಪೇಟ, ಅದೇ ಇದು, ಆ ಡಕಾರ ಇಂಗ್ಲಿಷರ ಕಿವಿಗೆ ರಕಾರವಾಗಿ ಕೇಳಿಸಿ ಹಾಗೇ ಬರೆದುಕೊಂಡರು. ಬಿಸಿಲು ತಡೆಯೋಕೆ ಹ್ಯಾಟಿನ ಸುತ್ತ ಸುತ್ತಿಕೊಳ್ಳುತ್ತಿದ್ದ ಬಟ್ಟೆಗೂ ಅದೇ ಹೆಸರು. ಕಾಗುಣಿತ ನಾಲ್ಕಾರು ಥರ ಇದೆ, ಅದರಲ್ಲಿ ಒಂದು ಜಿ-ಆರ್-ವೈ ಅಂತ ಮುಗಿಯುತ್ತೆ. ಭಾರತದಲ್ಲಿದ್ದ ಇಂಗ್ಲಿಷರು ಬಳಸುತ್ತಿದ್ದ ಪದಗಳ ನಿಘಂಟು, 1886ರ ಹಾಬ್ಸನ್-ಜಾಬ್ಸನ್‌ನಲ್ಲಿ ಪ್ರತ್ಯೇಕ ನಮೂದು ಇದೆ. ಅದನ್ನು ಮಾಡಿದ ಇಬ್ಬರಲ್ಲಿ ಬರ್ನೆಲ್ ನಮ್ಮ ಊರಿನ ನಂಟಿನವನು, ತುಳುನಾಡಿನ ಭೂತಗಳ ಪಾಡ್ದನ ಸಂಗ್ರಹಿಸಿದವನು. ದಕ್ಷಿಣದ ಲಿಪಿಗಳ ಬಗ್ಗೆ ಅವನು ಬರೆದ ಪುಸ್ತಕ 1874ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನಲ್ಲೇ ಅಚ್ಚಾಗಿದ್ದು.



ಲಿನಕ್ಸ್‌ಗೌಡ:
ಬಾಲ ಹಿಡಿದು ಹುಡುಕುವುದು ಈಗ ಚಿಟಿಕೆ ಕೆಲಸ ಗುರು. ಒನ್‌ಲುಕ್ ಅನ್ನೋ ಪದ ಹುಡುಕುವ ಸೈಟಿನಲ್ಲಿ ಒಂದು ನಕ್ಷತ್ರ ಚಿಹ್ನೆ ಹಾಕಿ ಪಕ್ಕದಲ್ಲಿ ಜಿ-ಆರ್-ವೈ ಟೈಪ್ ಮಾಡಿ, ಪಟ್ಟಿ ಬರುತ್ತೆ. ಲಿನಕ್ಸ್ ಇದ್ದರೆ ಪದಗಳ ಫೈಲಿನ ಮೇಲೆ ಗ್ರೆಪ್ ಅನ್ನೋ ಹುಡುಕುವ ಕಮಾಂಡ್ ಓಡಿಸಿ, ಕೊನೆಯಲ್ಲಿ ಡಾಲರ್ ಚಿಹ್ನೆ ಮರೆಯಬೇಡಿ. ಇಲ್ಲಾಂದ್ರೆ ನಡುವೆ ಇರುವ ಪದಗಳೂ ಬಂದು ತಲೆ ಕೆಡಿಸುತ್ತವೆ.

ಮತ್ತೆ ಹ್ಯಾಂಗ್ರಿ ಅಂದವರಿಗೆ ಯಾಕೆ ಬೈದಿರಿ? ಹಸಿವಾಗಿ ಸಿಡುಕುವುದಕ್ಕೆ ಎಷ್ಟೋ ಜನ ಆ ಪದವನ್ನೇ ಬಳಸುತ್ತಾರೆ. 2018ರಲ್ಲಿ ಆಕ್ಸ್‌ಫರ್ಡ್ ನಿಘಂಟೇ ಸೇರಿಸಿಕೊಂಡಿದೆ. ದಿನಾ ಬಳಸುವ ಪದ ಅನ್ನೋ ಷರತ್ತಿಗೆ ಇರೋದು ಅದೊಂದೇ.

ಹಳೇಮೇಷ್ಟ್ರು:
ಗೌಡ್ರು ಹೇಳಿದ್ದು ಸರಿ. ಆದರೆ ಕಂಪ್ಯೂಟರ್ ಇಲ್ಲದಾಗಲೂ ದಾರಿ ಇತ್ತು. ಜಾನ್ ವಾಕರ್ ಅನ್ನುವವನು 1775ರಲ್ಲೇ ಪದಗಳನ್ನು ಕೊನೆಯ ಅಕ್ಷರದಿಂದ ಹಿಂದಕ್ಕೆ ಜೋಡಿಸಿ ಒಂದು ನಿಘಂಟು ಮಾಡಿದ. ಪ್ರಾಸ ಹುಡುಕುವ ಕವಿಗಳಿಗೆ ಅಂತ.

ಪದಬಂಧಪ್ರಿಯ:
ಎಲ್ಲರಿಗೂ ಥ್ಯಾಂಕ್ಸ್. ಗ್ರೂಪಿನಲ್ಲಿ ಪಗ್ರಿ ಅಂತ ಹಾಕಿದೆ, "ಅದು ಇಂಗ್ಲಿಷ್ ಅಲ್ಲ, ಹಿಂದಿ" ಅಂತ ಜಗಳ ಶುರುವಾಗಿದೆ. ಉತ್ತರ ಇರುವಂಥ ಒಗಟು ಯಾವುದಾದರೂ ಇದ್ದರೆ ಕೊಡಿ, ತಿರುಗಿ ಹಾಕುತ್ತೇನೆ.

ಹಳೇಮೇಷ್ಟ್ರು:
ಡಿ-ಓ-ಯು-ಎಸ್ ಅಂತ ಮುಗಿಯುವ ನಾಲ್ಕು ಪದ ಕೇಳಿ. ಟ್ರೆಮೆಂಡಸ್, ಸ್ಟುಪೆಂಡಸ್, ಹಜಾರ್ಡಸ್, ಹೊರೆಂಡಸ್. ಯಾರಾದರೂ ಐದನೇದು ಜೆಪರ್ಡಸ್ ಅಂದರೆ ಒಪ್ಪಿಕೊಂಡುಬಿಡಿ, ಹಳೇ ನಿಘಂಟಿನಲ್ಲಿ ಅದೂ ಇದೆ.