ಸಂಸಾರದ ಕಾರಾಗಿ ಸಣ್ಣ ಫೋರ್ ವೀಲ್ ಡ್ರೈವ್: ಯಾವ ಬಗೆಯದನ್ನು ಕೊಳ್ಳಬೇಕು?

ಮಣ್ಣಿನ ಏರು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಮ್ಮದು ಐವರ ಸಂಸಾರ: ನಾವಿಬ್ಬರು, ಒಂಬತ್ತು ಮತ್ತು ಮೂರು ವರ್ಷದ ಇಬ್ಬರು ಮಕ್ಕಳು, ಮಂಡಿನೋವಿರುವ ನನ್ನ ತಾಯಿ. ಮನೆ ಸೇರುವ ಮೊದಲಿನ ಎರಡು ಕಿಲೋಮೀಟರು ಮಣ್ಣಿನ ಏರುದಾರಿಯಾಗಿದ್ದು, ಮಳೆ ಹಿಡಿಯಿತೆಂದರೆ ಈಗಿರುವ ಹ್ಯಾಚ್‌ಬ್ಯಾಕ್ ಅರ್ಧ ಏರಿನಲ್ಲಿ ನಿಂತು, ಮುಂದಿನ ಚಕ್ರಗಳನ್ನು ಸುಮ್ಮನೆ ಗಿರ್ರೆನ್ನಿಸುತ್ತದೆ. ಉಳಿದಂತೆ ನಮ್ಮ ಓಡಾಟದ ಹತ್ತರಲ್ಲಿ ಒಂಬತ್ತು ಪಾಲು ಡಾಂಬರು ರಸ್ತೆಯಲ್ಲೇ ನಡೆಯುತ್ತದೆ. ಸುಜುಕಿ ಜಿಮ್ನಿಯ ಐದು ಬಾಗಿಲಿನ ಮಾದರಿ ಮನಸ್ಸಿನಲ್ಲಿದೆ. ಆದರೆ ಮಾರಾಟಗಾರರೊಬ್ಬರು ಆಲ್ ವೀಲ್ ಡ್ರೈವ್ ಇರುವ ಬೇರೊಂದು ಸಣ್ಣ ಎಸ್‌ಯುವಿಯನ್ನು ತೋರಿಸಿ, ಎರಡೂ ಒಂದೇ ಎಂದುಬಿಟ್ಟರು. ನಿಜವಾಗಿಯೂ ಒಂದೇ ಆಗಿದೆಯೇ? ಇಂಥ ಗಾಡಿಯನ್ನು ನಾಲ್ಕಾರು ವರ್ಷ ಇಟ್ಟುಕೊಂಡವರು ದಯವಿಟ್ಟು ತಿಳಿಸಿ.

ಹಳೇ ಗೇರು

ಮೊದಲು ಒಂದು ಲೆಕ್ಕ. ಜಿಮ್ನಿಗೆ ಬಾಗಿಲು ಐದಿದ್ದರೂ ಸೀಟುಗಳು ನಾಲ್ಕೇ. ನಿಮ್ಮ ಐವರಲ್ಲಿ ಯಾರನ್ನು ಮನೆಯಲ್ಲಿ ಬಿಡುತ್ತೀರಿ ಎಂಬುದು ತೀರ್ಮಾನವಾಗುವವರೆಗೆ ಮುಂದಿನ ಮಾತಿಗೆ ಅರ್ಥವಿಲ್ಲ. ಹಿಂದಿನ ಸೀಟುಗಳನ್ನು ಮಡಿಸದಿದ್ದರೆ ಡಿಕ್ಕಿಯಲ್ಲಿ ಸಿಗುವ ಜಾಗ ಸುಮಾರು 208 ಲೀಟರು, ಅಂದರೆ ಮಗುವಿನ ತಳ್ಳುಗಾಡಿ ಇಟ್ಟ ಮೇಲೆ ಚೀಲಕ್ಕೆ ಸ್ಥಳ ಹುಡುಕಬೇಕು.

ಇನ್ನು ಎರಡೂ ಒಂದೇ ಎಂಬ ಮಾತು ಸರಿಯಲ್ಲ. ಜಿಮ್ನಿಯಲ್ಲಿರುವುದು ಬೇಕಾದಾಗ ಹಾಕಿಕೊಳ್ಳುವ ಫೋರ್ ವೀಲ್ ಡ್ರೈವ್. ಲಿವರ್ ಎಳೆದೊಡನೆ ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳು ಒಂದಕ್ಕೊಂದು ಬಿಗಿಯಾಗಿ ಜೋಡಿಕೊಳ್ಳುತ್ತವೆ, ನಡುವೆ ಡಿಫರೆನ್ಷಿಯಲ್ (ಎರಡು ಕಡೆಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರುಗಳ ಜೋಡಣೆ) ಇರುವುದಿಲ್ಲ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ಹೆಚ್ಚು ದೂರ ಸಾಗಬೇಕಾಗುತ್ತದೆ. ಕೆಸರಿನಲ್ಲಾದರೆ ಚಕ್ರ ಒಂದಿಷ್ಟು ಜಾರಿ ಆ ವ್ಯತ್ಯಾಸವನ್ನು ಸರಿದೂಗಿಸುತ್ತದೆ, ಒಣ ಡಾಂಬರಿನಲ್ಲಿ ಜಾರಲು ಆಸ್ಪದವಿಲ್ಲದೆ ಇಡೀ ಒತ್ತಡ ಶಾಫ್ಟು ಮತ್ತು ಗೇರುಗಳ ಮೇಲೆ ಬೀಳುತ್ತದೆ. ಆದ್ದರಿಂದ ಡಾಂಬರಿನ ಮೇಲೆ ಅದು ಎರಡೇ ಚಕ್ರಗಳಿಗೆ ಎಂಜಿನ್ನಿನ ಶಕ್ತಿ ಹೋಗುವ ಗಾಡಿ, ಮಳೆ ಬಂದು ರಸ್ತೆ ಅಲ್ಲಲ್ಲಿ ಒಣಗಿ ಅಲ್ಲಲ್ಲಿ ಒದ್ದೆಯಾಗಿದ್ದಾಗ ಲಿವರ್‌ನ ನಿರ್ಧಾರ ನಿಮ್ಮದು.

ಆಲ್ ವೀಲ್ ಡ್ರೈವ್ ಎಂದು ಮಾರುವ ಬಹುತೇಕ ಸಣ್ಣ ಎಸ್‌ಯುವಿಗಳು ಸಾಮಾನ್ಯವಾಗಿ ಮುಂದಿನ ಚಕ್ರಗಳಿಂದಲೇ ಓಡುತ್ತವೆ. ಹಿಂದಿನ ಆಕ್ಸಲ್‌ನ ಬಳಿ ಇರುವ, ಹಲವು ಬಿಲ್ಲೆಗಳ ಒಂದು ಕ್ಲಚ್ಚನ್ನು ಕಂಪ್ಯೂಟರ್ ಬಿಗಿಗೊಳಿಸಿದಾಗ ಮಾತ್ರ ಹಿಂದಿನ ಚಕ್ರಗಳಿಗೆ ಶಕ್ತಿ ಹೋಗುತ್ತದೆ. ಚಾಲಕ ಏನನ್ನೂ ಮಾಡಬೇಕಿಲ್ಲ. ಆದರೆ ಆಳವಾದ ಕೆಸರಿನಲ್ಲಿ ಬಹಳ ಹೊತ್ತು ಒದ್ದಾಡಿಸಿದರೆ ಆ ಕ್ಲಚ್ಚು ಕಾಯ್ದು, ತನ್ನನ್ನು ಉಳಿಸಿಕೊಳ್ಳಲು ಕೆಲಸ ನಿಲ್ಲಿಸುವುದುಂಟು. ಲೋ ಗೇರು, ಅಂದರೆ ವೇಗ ತಗ್ಗಿಸಿ ಎಳೆಯುವ ಬಲ ಹೆಚ್ಚಿಸುವ ಗೇರು ಕೂಡ ಇಂಥವುಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಜಪಾನಿನ ಸುಬಾರು ಕಂಪನಿ ಮಾಡುವಂತೆ ಯಾವಾಗಲೂ ನಾಲ್ಕೂ ಚಕ್ರಗಳನ್ನು ಓಡಿಸುವ ಮೂರನೆಯ ಬಗೆಯೂ ಇದೆ. 1977ರಲ್ಲಿ ಬಂದ ಲಾಡಾ ನಿವಾ ಎಂಬ ಪುಟ್ಟ ಸೋವಿಯತ್ ಕಾರಿನಲ್ಲಿ ನಡುವಿನ ಡಿಫರೆನ್ಷಿಯಲ್, ಅದನ್ನು ಬಿಗಿಮಾಡುವ ಲಿವರ್, ಲೋ ಗೇರು ಮೂರೂ ಇದ್ದವು. ಚಾಸಿ (ಅಡಿಯ ಉಕ್ಕಿನ ಚೌಕಟ್ಟು) ಬೇರೆ ಇಲ್ಲದೆ ದೇಹವೇ ಚಾಸಿಯಾಗಿದ್ದ ಆ ಕಾರನ್ನು ಈಗಲೂ ಮೆಚ್ಚಿ ನೋಡುವವನು ನಾನು, ಆದರೆ ಅದು ಬೇರೆ ಕಥೆ.

ತಗ್ಗು ದಿಣ್ಣೆ

ಚಾಸಿಯ ಮೇಲೆ ದೇಹ ಕೂರಿಸಿದ ಸಣ್ಣ ಗಾಡಿಯೊಂದನ್ನು ಆರು ವರ್ಷ ಸಂಸಾರದ ಕಾರಾಗಿ ಓಡಿಸಿದ್ದೇನೆ, ಆದ್ದರಿಂದ ಮೇಲಿನವರು ಹೇಳದೆ ಬಿಟ್ಟದ್ದನ್ನು ಸೇರಿಸುತ್ತೇನೆ. ಕೆಸರಿನಲ್ಲಿ ಅದು ಎಂದೂ ಕೈಕೊಡಲಿಲ್ಲ. ಕಷ್ಟಪಟ್ಟವರು ಹಿಂದೆ ಕುಳಿತವರು. ಎರಡೂ ಬದಿಯ ಚಕ್ರಗಳನ್ನು ಒಂದೇ ಗಟ್ಟಿ ಆಕ್ಸಲ್ ಹಿಡಿದಿರುವುದರಿಂದ ಒಂದು ಚಕ್ರ ಗುಂಡಿಗೆ ಬಿದ್ದರೆ ಇಡೀ ಗಾಡಿ ಆ ಕಡೆಗೆ ತೊನೆಯುತ್ತದೆ, ಹೀಗಾಗಿ ದೂರ ಪ್ರಯಾಣದಲ್ಲಿ ನನ್ನ ಮಗಳಿಗೆ ವಾಂತಿ ತಪ್ಪುತ್ತಿರಲಿಲ್ಲ. ನಿಮ್ಮ ತಾಯಿಯವರನ್ನು ಕರೆದೊಯ್ದು ಹತ್ತಿಸಿ, ಇಳಿಸಿ ನೋಡದೆ ಮುಂಗಡ ಕೊಡಬೇಡಿ. ನೆಲದಿಂದ ಎತ್ತರವಿರಬೇಕೆಂದು ನಾವು ಹುಡುಕುವ ಗುಣವೇ ನೋಯುವ ಮಂಡಿಗೆ ಶತ್ರು. ಸ್ಟೆಪ್ನಿ ಹಿಂಬಾಗಿಲಿನ ಮೇಲಿದ್ದರೆ ಆ ಭಾರದ ಬಾಗಿಲು ಪಕ್ಕಕ್ಕೆ ತೆರೆದುಕೊಳ್ಳುತ್ತದೆ. ಹಿಂದೆ ಇನ್ನೊಂದು ಗಾಡಿ ಒತ್ತಿ ನಿಂತಿದ್ದರೆ ಸಾಮಾನು ತೆಗೆಯುವ ಹಾಗಿಲ್ಲ.

ನಾಲ್ಕು ಟೈರು

ಎಲ್ಲರೂ ಏರುವುದರ ಬಗ್ಗೆಯೇ ಮಾತಾಡುತ್ತಿದ್ದೀರಿ. ಏರಿದ ದಾರಿಯಲ್ಲೇ ಮಕ್ಕಳನ್ನು ಕೂರಿಸಿಕೊಂಡು ಇಳಿಯಬೇಕಲ್ಲವೇ? ಬ್ರೇಕು ಎಲ್ಲ ಕಾರುಗಳಲ್ಲೂ ನಾಲ್ಕು ಚಕ್ರಗಳಿಗೇ ಇರುತ್ತದೆ, ಆದ್ದರಿಂದ ಬ್ರೇಕು ಒತ್ತಿ ನಿಲ್ಲಿಸುವ ವಿಷಯದಲ್ಲಿ ಫೋರ್ ವೀಲ್ ಡ್ರೈವ್ ನಿಮಗೆ ಹೆಚ್ಚೇನನ್ನೂ ಕೊಡುವುದಿಲ್ಲ. ಕೊಡುವುದು ಟೈರು. ನನ್ನ ಸಲಹೆಯೇನೆಂದರೆ, ಈಗಿನ ಹ್ಯಾಚ್‌ಬ್ಯಾಕಿಗೆ ಕಚ್ಚು ಆಳವಾಗಿರುವ ಒಳ್ಳೆಯ ಟೈರುಗಳನ್ನು ಹಾಕಿ ಒಂದು ಮಳೆಗಾಲ ನೋಡಿ, ಕಾರು ಬದಲಿಸುವ ಮಾತು ಆಮೇಲೆ ಇರಲಿ.

ಹಳೇ ಗೇರು

ಇಳಿಜಾರಿನ ಮಾತು ಬಹುಮಟ್ಟಿಗೆ ಒಪ್ಪುತ್ತೇನೆ, ಒಂದು ತಿದ್ದುಪಡಿಯೊಂದಿಗೆ. ಲೋ ಗೇರು ಇದ್ದರೆ ಬ್ರೇಕು ಮುಟ್ಟದೆ, ಎಂಜಿನ್ನಿನ ತಡೆಯಿಂದಲೇ ನಡಿಗೆಯ ವೇಗದಲ್ಲಿ ಇಳಿಯಬಹುದು. ಆದರೆ ಹ್ಯಾಚ್‌ಬ್ಯಾಕಿನ ಸಲಹೆ ಈ ಏರಿಗೆ ಸಾಲುವುದಿಲ್ಲ. ಏರುವಾಗ ಭಾರ ಹಿಂದಕ್ಕೆ ವಾಲಿ, ಎಳೆಯಬೇಕಾದ ಮುಂದಿನ ಚಕ್ರಗಳೇ ಹಗುರಾಗುತ್ತವೆ. ಹಿಂದೆ ಮೂವರು ಕುಳಿತರಂತೂ ಇನ್ನಷ್ಟು. ಜಾರುವ ಏರನ್ನು ಕೆಲವರು ರಿವರ್ಸಿನಲ್ಲಿ ಹತ್ತಿಸುವುದು ಇದಕ್ಕಾಗಿಯೇ, ಆದರೆ ದಿನವೂ ಎರಡು ಕಿಲೋಮೀಟರು ಕತ್ತು ತಿರುಗಿಸಿಕೊಂಡು ಹೋಗಿರೆಂದು ಯಾರಿಗೆ ಹೇಳಲಿ?

ಮಣ್ಣಿನ ಏರು

ತಮಗೆಲ್ಲ ಧನ್ಯವಾದಗಳು. ಸೀಟಿನ ಲೆಕ್ಕ ನನಗೆ ಹೊಳೆದೇ ಇರಲಿಲ್ಲ, ನಾಚಿಕೆಯಾಯಿತು. ತಾಯಿಯವರನ್ನು ಕರೆದುಕೊಂಡು ಹೋಗಿ, ನಮ್ಮ ಮಗುವಿನ ಸೀಟನ್ನೂ ಜೊತೆಗೊಯ್ದು ಎರಡು ಗಾಡಿಗಳನ್ನು ನೋಡಿದೆವು. ಆ ಸೀಟನ್ನು ಕಟ್ಟಿದ ಮೇಲೆ ಒಂದರಲ್ಲಿ ನಡುವಿನ ಬೆಲ್ಟಿನ ಕೊಂಡಿಗೆ ಕೈಯೇ ತೂರಲಿಲ್ಲ, ಇನ್ನೊಂದರಲ್ಲಿ ದೊಡ್ಡ ಮಗ ಹೇಗೋ ಕುಳಿತ. ಆ ಎರಡನೆಯದು ಕ್ಲಚ್ಚಿನ ಬಗೆಯದು, ಲೋ ಗೇರು ಇಲ್ಲ. ನಮ್ಮ ಏರಿನಲ್ಲಿ ಕೆಸರು ಗೇಣುದ್ದವಿರುವುದಿಲ್ಲ, ಜಾರಿಕೆ ಮಾತ್ರ, ಆದ್ದರಿಂದ ಅದನ್ನೇ ಆರಿಸುವ ಮನಸ್ಸಾಗಿದೆ. ಇಟ್ಟುಕೊಂಡ ಮೇಲೆ ಯಾವುದಕ್ಕೆ ಖರ್ಚು ಬೀಳುತ್ತದೆ ಎಂಬುದೊಂದನ್ನು ಹೇಳಿ.

ನಾಲ್ಕು ಟೈರು

ಹೆಸರಿಗೆ ತಕ್ಕಂತೆ ಮತ್ತೆ ಟೈರು. ನಾನು ಒಮ್ಮೆ ಉಳಿತಾಯವೆಂದು ಹಿಂದಕ್ಕೆ ಮಾತ್ರ ಹೊಸ ಜೋಡಿ ಹಾಕಿಸಿದೆ. ಹೊಸ ಟೈರಿನ ಕಚ್ಚು 8 ಮಿಲಿಮೀಟರು, ಸವೆದದ್ದರದು 3 ಎಂದಿಟ್ಟುಕೊಂಡರೆ ಸುತ್ತಳತೆಯಲ್ಲಿ 31 ಮಿಲಿಮೀಟರಿನ ಅಂತರ ಬರುತ್ತದೆ. ಪ್ರತಿ ಕಿಲೋಮೀಟರಿಗೆ ಚಕ್ರ ಸುಮಾರು 480 ಸುತ್ತು ಹಾಕುವುದರಿಂದ ಅದು ಹದಿನೈದು ಮೀಟರಿನಷ್ಟಾಗುತ್ತದೆ. ನೇರ ರಸ್ತೆಯಲ್ಲೂ ಆ ವ್ಯತ್ಯಾಸವನ್ನು ಕ್ಲಚ್ಚು ಜಾರಿ ಜಾರಿ ನುಂಗಬೇಕಾಯಿತು, ಕೊನೆಗೆ ಉಳಿಸಿದ್ದಕ್ಕಿಂತ ಎಷ್ಟೋ ಹೆಚ್ಚು ರಿಪೇರಿಗೆ ಕೊಟ್ಟೆ. ಒಂದೇ ಅಳತೆಯ, ಒಂದೇ ಮಾದರಿಯ ನಾಲ್ಕು ಟೈರುಗಳನ್ನು ಒಟ್ಟಿಗೇ ಹಾಕಿಸಿ, ಸಮವಾಗಿ ಸವೆಯುವಂತೆ ಆಗಾಗ ಸ್ಥಾನ ಬದಲಿಸುತ್ತಿರಿ.

ಹಿಂದಿನ ಡಿಫರೆನ್ಷಿಯಲ್ಲಿನ ಎಣ್ಣೆ ಬದಲಿಸುವ ಅವಧಿಯನ್ನು ಪುಸ್ತಕದಲ್ಲಿ ಹುಡುಕಿ ಬರೆದಿಟ್ಟುಕೊಳ್ಳಿ, ಸರ್ವೀಸಿನವರು ಎಂಜಿನ್ ಆಯಿಲ್ ಬದಲಿಸಿ ಅದನ್ನು ಮರೆಯುವುದುಂಟು. ನೀರಿನಲ್ಲಿ ಆಳವಾಗಿ ದಾಟಿದ ಮೇಲೆ ಆ ಎಣ್ಣೆ ಹಾಲು ಬೆರೆಸಿದಂತೆ ಕಂಡರೆ ಒಳಗೆ ನೀರು ಹೊಕ್ಕಿದೆ ಎಂದೇ ತಿಳಿಯಿರಿ. ಕಾರು ಕೆಟ್ಟು ನಿಂತಾಗ ಮುಂದಿನ ಚಕ್ರಗಳನ್ನು ಮಾತ್ರ ಎತ್ತಿ ಎಳೆದೊಯ್ಯಲು ಬಿಡಬೇಡಿ. ನಾಲ್ಕೂ ಚಕ್ರಗಳು ಮೇಲಿರುವಂತೆ ಹೊತ್ತೊಯ್ಯುವ ಲಾರಿಯನ್ನೇ ಕರೆಸಿ.